ನೆಗೆಯುವ ಅಳಿಲಿನ ಛಾಯಾಚಿತ್ರ

ನಮ್ಮ ಊರಿನವರಿಗೆ ಅಳಿಲನ್ನು ಪರಿಚಯ ಮಾಡಿಕೊಡಬೇಕಾದ ಆವಶ್ಯಕತೆಯಿಲ್ಲ. ವಿಜಯನಗರದ ಬೀದಿಗಳಲ್ಲಿ ಬೆಳಗಿನ ಹೊತ್ತು ನಡೆದು ಹೋದರೆ ಕಾಂಪೌಂಡಿನ ಗೋಡೆಯ ಮೇಲೋ, ತೆಂಗಿನ ಮರದ ಮೇಲೋ, ತಾರಸಿಯಲ್ಲಿ ಒಣಹಾಕಿದ ಸಂಡಿಗೆಯ ಬಳಿಯಲ್ಲೋ ಅದು ಕಾಣುವುದು. ಅದರ ಬೆನ್ನಿನ ಮೂರು ಬಿಳಿಯ ಗೆರೆಗಳು ಶ್ರೀರಾಮನ ಬೆರಳಿನ ಗುರುತುಗಳೆಂಬ ಕಥೆಯನ್ನು ಕೇಳದೆ ಬೆಳೆದವರು ನಮ್ಮಲ್ಲಿ ವಿರಳ. ಅಲ್ಪಶಕ್ತಿಯವರು ಮನಸ್ಸಿಟ್ಟು ಮಾಡುವ ಸಹಾಯಕ್ಕೆ ಅಳಿಲು ಸೇವೆಯೆಂಬ ಹೆಸರೇ ನಮ್ಮ ಭಾಷೆಯಲ್ಲಿ ನಿಂತುಹೋಗಿದೆ. ಆದರೆ ಇಷ್ಟು ಬಳಕೆಯಾದ ಈ ಪ್ರಾಣಿಯು ಸೀಬೆಯ ಕೊಂಬೆಯಿಂದ ಮಾವಿನ ಕೊಂಬೆಗೆ ನೆಗೆಯುವಾಗ ಅದರ ಹಿಂಗಾಲುಗಳು ಎಲ್ಲಿರುತ್ತವೆ, ಬಾಲವು ಹೇಗೆ ಚಾಚಿರುತ್ತದೆ, ಅಂಗಾಲುಗಳು ಯಾವ ಕಡೆಗೆ ತಿರುಗಿರುತ್ತವೆ ಎಂದು ಕೇಳಿದರೆ, ಅದನ್ನು ದಿನವೂ ನೋಡುವವರಲ್ಲಿ ಎಷ್ಟು ಮಂದಿ ಉತ್ತರ ಹೇಳಬಲ್ಲರು? ಅಳಿಲು ಇಲ್ಲಿತ್ತು, ಈಗ ಅಲ್ಲಿದೆ. ಇಷ್ಟು ಮಾತ್ರವೇ ನಾವು ನಿಜವಾಗಿ ಕಂಡದ್ದು. ನಡುವೆ ನಡೆದುದೆಲ್ಲವೂ ನಮ್ಮ ಕಣ್ಣಿಗೆ ತಪ್ಪಿಹೋದ ಸಂಗತಿ.

ಈ ತಪ್ಪಿಹೋದ ಭಾಗವನ್ನು ಛಾಯಾಚಿತ್ರದಲ್ಲಿ ಹಿಡಿಯುವ ವಿಧಾನವೇ ಇಂದಿನ ವಿಷಯ. ಕಣ್ಣಿಗೆ ಸೇರಿದ ವಿಷಯವನ್ನು ಕಿವಿಗೆ ಹೇಳಹೊರಟಿರುವುದು ಸ್ವಲ್ಪ ವಿಚಿತ್ರವೆಂದು ಶ್ರೋತೃಗಳಿಗೆ ತೋರಬಹುದು. ಆದರೆ ಈ ಕೆಲಸದಲ್ಲಿ ಚಿತ್ರವನ್ನು ತೆಗೆಯುವುದಕ್ಕಿಂತ ಅದಕ್ಕೆ ಮುಂಚೆ ನಡೆಯುವ ವಿಚಾರವೇ ಹೆಚ್ಚಿನದು. ವಿಚಾರವನ್ನಾದರೋ ಮಾತಿನಲ್ಲಿ ಹೇಳಬಹುದು.

ಚಲನೆಯನ್ನು ಕಣ್ಣು ಸರಿಯಾಗಿ ಗ್ರಹಿಸಲಾರದೆಂಬುದು ಲೋಕಕ್ಕೆ ಸ್ಪಷ್ಟವಾಗಿ ತಿಳಿದದ್ದು ೧೮೭೮ರಲ್ಲಿ. ಆ ವರ್ಷ ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದಲ್ಲಿ ಮೈಬ್ರಿಜ್ ಎಂಬುವನು ಓಟದ ದಾರಿಯ ಪಕ್ಕದಲ್ಲಿ ಕ್ಯಾಮರಾಗಳನ್ನು ಸಾಲಾಗಿ ಇಟ್ಟು, ಓಡುವ ಕುದುರೆಯೇ ದಾರಿಗೆ ಅಡ್ಡಲಾಗಿ ಕಟ್ಟಿದ್ದ ಎಳೆಗಳನ್ನು ತಾಕಿ ಒಂದೊಂದಾಗಿ ಚಿತ್ರಗಳು ಬೀಳುವಂತೆ ಏರ್ಪಾಟು ಮಾಡಿದನು. ನಾಗಾಲೋಟದಲ್ಲಿರುವ ಕುದುರೆಯ ನಾಲ್ಕು ಕಾಲುಗಳೂ ಒಂದು ಕ್ಷಣ ನೆಲವನ್ನು ಬಿಟ್ಟಿರುವುದು ನಿಜವೆಂದು ಆ ಚಿತ್ರಗಳಿಂದ ಸಿದ್ಧವಾಯಿತು. ಆದರೆ ಆ ಕ್ಷಣವು, ಚಿತ್ರಗಾರರು ಬರೆಯುತ್ತಿದ್ದಂತೆ ಕಾಲುಗಳು ಹಿಂದಕ್ಕೂ ಮುಂದಕ್ಕೂ ಚಾಚಿರುವ ಕ್ಷಣವಲ್ಲ. ಅವು ಹೊಟ್ಟೆಯ ಕೆಳಗೆ ಒಟ್ಟಾಗಿ ಸೇರಿರುವ ಕ್ಷಣ. ಫ್ರಾನ್ಸಿನ ಮಾರೆ ಎಂಬ ಶಾರೀರಶಾಸ್ತ್ರಜ್ಞನು ೧೮೯೪ರಲ್ಲಿ, ಅಂಗಾತನಾಗಿ ಬಿಟ್ಟ ಬೆಕ್ಕು ಬೀಳುತ್ತಿರುವಾಗಲೇ ಮೈಯನ್ನು ತಿರುಗಿಸಿಕೊಂಡು ಕಾಲೂರುವ ಬಗೆಯನ್ನು ಚಿತ್ರಗಳ ಸಾಲಿನಲ್ಲಿ ತೋರಿಸಿದನು. ೧೯೩೦ರ ದಶಕದಲ್ಲಿ ಅಮೆರಿಕದ ಎಡ್ಜರ್ಟನ್ ಎಂಬ ಪ್ರಾಧ್ಯಾಪಕನು ಅತ್ಯಲ್ಪ ಕಾಲ ಹೊಳೆದು ಆರುವ ವಿದ್ಯುದ್ದೀಪವನ್ನು ಛಾಯಾಚಿತ್ರಕ್ಕೆ ಅಳವಡಿಸಿ, ಹಾಲಿನ ಹನಿಯೊಂದು ಬಿದ್ದಾಗ ಏಳುವ ಕಿರೀಟವನ್ನೂ ಹಿಡಿದುಕೊಟ್ಟನು. ಇಂದು ಅಳಿಲಿನ ಮುಂದೆ ಕ್ಯಾಮರಾ ಹಿಡಿದು ಕುಳಿತವನ ಕೈಯಲ್ಲಿರುವ ಉಪಾಯಗಳೆಲ್ಲ ಈ ಮೂವರ ಉಪಾಯಗಳ ಮುಂದುವರಿಕೆಯೇ ಆಗಿವೆ.

ಇನ್ನು ಅಳಿಲಿನ ನೆಗೆತವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಕಾಲೇಜಿನಲ್ಲಿ ಗತಿಶಾಸ್ತ್ರ ಓದಿದವರಿಗೆ ಇದು ಕಷ್ಟದ ಲೆಕ್ಕವೇನೂ ಅಲ್ಲ. ಒಂದೇ ಎತ್ತರದಲ್ಲಿರುವ ಎರಡು ಕೊಂಬೆಗಳ ನಡುವೆ ೧ ಮೀಟರ್ ಅಂತರವಿದೆಯೆಂದು ಇಟ್ಟುಕೊಳ್ಳಿ. ಕಡಮೆ ಶ್ರಮದಿಂದ ಅದನ್ನು ದಾಟಬೇಕಾದರೆ ೪೫ ಡಿಗ್ರಿಯ ಓರೆಯಲ್ಲಿ ಸೆಕೆಂಡಿಗೆ ಸುಮಾರು ೩.೧ ಮೀಟರ್ ವೇಗದಿಂದ ಚಿಮ್ಮಬೇಕು. ಆಗ ಅಳಿಲು ಗಾಳಿಯಲ್ಲಿರುವ ಕಾಲವು ಅರ್ಧ ಸೆಕೆಂಡಿಗೂ ಸ್ವಲ್ಪ ಕಡಮೆ. ನಡುದಾರಿಯಲ್ಲಿ ಅದು ಕೊಂಬೆಗಿಂತ ೨೫ ಸೆಂಟಿಮೀಟರ್ ಮೇಲಿರುವುದು. ಅಲ್ಲಿ ಏರುವ ವೇಗವೆಲ್ಲ ತೀರಿ, ಇಳಿಯುವ ವೇಗವು ಇನ್ನೂ ಹುಟ್ಟದೆ, ಸೆಕೆಂಡಿಗೆ ೨.೨ ಮೀಟರಿನಂತೆ ಮುಂದಕ್ಕೆ ಹೋಗುವ ವೇಗವೊಂದೇ ಉಳಿದಿರುವುದು. ನೆಗೆತದಲ್ಲೆಲ್ಲ ಅತ್ಯಂತ ನಿಧಾನವಾದ ಸ್ಥಾನವಿದೇ. ಆದುದರಿಂದ ಚಿತ್ರವನ್ನು ಹಿಡಿಯುವುದಕ್ಕೂ ಇದೇ ಅನುಕೂಲವಾದ ಸ್ಥಾನ.

ಆ ಸ್ಥಾನದಲ್ಲಿಯೂ ಅಳಿಲು ಸೆಕೆಂಡಿನ ೨೫೦ರಲ್ಲೊಂದು ಭಾಗದಲ್ಲಿ ಸುಮಾರು ೯ ಮಿಲಿಮೀಟರ್ ಸರಿದುಹೋಗುತ್ತದೆ. ಅಂದರೆ ಕ್ಯಾಮರಾದ ಷಟರ್ ಅಷ್ಟು ಹೊತ್ತು ತೆರೆದಿದ್ದರೆ ಅಳಿಲಿನ ಕಣ್ಣು ಒಂದು ಗೆರೆಯಾಗಿ ಮೂಡುತ್ತದೆಯೇ ಹೊರತು ಕಣ್ಣಾಗಿ ಮೂಡುವುದಿಲ್ಲ. ೧೦೦೦ದಲ್ಲೊಂದು ಭಾಗಕ್ಕೆ ಇಳಿಸಿದರೆ ೨ ಮಿಲಿಮೀಟರಿಗೆ ಸ್ವಲ್ಪ ಮೇಲೆ. ಮೈಯ ಆಕಾರ ತಿಳಿಯುವುದು, ರೋಮಗಳು ತಿಳಿಯವು. ೪೦೦೦ದಲ್ಲೊಂದು ಭಾಗಕ್ಕೆ ಅರ್ಧ ಮಿಲಿಮೀಟರ್. ೨೦,೦೦೦ದಲ್ಲೊಂದು ಭಾಗಕ್ಕೆ ಮಿಲಿಮೀಟರಿನ ಹತ್ತರಲ್ಲೊಂದು. ಇಲ್ಲಿಗೆ ಬಂದಮೇಲೆ ಮೀಸೆಯ ಕೂದಲುಗಳನ್ನೂ ಒಂದೊಂದಾಗಿ ಎಣಿಸಬಹುದು. ಕಾಲು ಮತ್ತು ಬಾಲಗಳು ಮೈಗಿಂತ ಬೇಗನೆ ಅಲುಗುವುದರಿಂದ ಅವುಗಳಿಗೆ ಇನ್ನೂ ಸ್ವಲ್ಪ ಹೆಚ್ಚಿನ ವೇಗ ಬೇಕು.

ಇಷ್ಟು ಅಲ್ಪ ಕಾಲದಲ್ಲಿ ಚಿತ್ರಕ್ಕೆ ಸಾಕಾಗುವ ಬೆಳಕನ್ನು ಒದಗಿಸುವುದು ಹೇಗೆ? ಇದಕ್ಕೆ ಎರಡು ದಾರಿಗಳುಂಟು. ಮೊದಲನೆಯದು ಸೂರ್ಯನ ಬೆಳಕು. ನಿರ್ಮಲವಾದ ಬಿಸಿಲಿನಲ್ಲಿ ಮಸೂರದ ಕಿಂಡಿಯನ್ನು ೫.೬ಕ್ಕೆ ತೆರೆದು ಸೂಕ್ಷ್ಮತೆಯನ್ನು ೪೦೦ಕ್ಕೆ ಇಟ್ಟರೆ ಸೆಕೆಂಡಿನ ೩೨೦೦ರಲ್ಲೊಂದು ಭಾಗ ದೊರಕುತ್ತದೆ. ಆದರೆ ಮಾವಿನ ಮರದ ನೆರಳಿನಲ್ಲಿ ಇದರ ಎಂಟರಲ್ಲಿ ಒಂದು ಪಾಲಿನ ಬೆಳಕು ಸಿಕ್ಕರೆ ಹೆಚ್ಚು. ಅಷ್ಟೇ ವೇಗ ಬೇಕೆಂದರೆ ಸೂಕ್ಷ್ಮತೆಯನ್ನು ಎಂಟುಪಟ್ಟು, ಹದಿನಾರುಪಟ್ಟು ಏರಿಸಬೇಕು. ಏರಿಸಿದಷ್ಟೂ ಚಿತ್ರದಲ್ಲಿ ಮರಳು ಚೆಲ್ಲಿದಂತೆ ಕಣಗಳು ಏಳುವುವು. ಇದಲ್ಲದೆ ಷಟರಿನಲ್ಲಿ ಇನ್ನೊಂದು ಗುಟ್ಟಿದೆ. ಅದು ಅತಿ ವೇಗದಲ್ಲಿ ಇಡೀ ಚಿತ್ರವನ್ನು ಒಮ್ಮೆಗೇ ತೆರೆಯುವುದಿಲ್ಲ. ಎರಡು ಪರದೆಗಳ ನಡುವಣ ಒಂದು ಸಣ್ಣ ಸೀಳು ಚಿತ್ರದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರಿಯುತ್ತದೆ. ಹಾಗೆ ಸರಿಯುವುದಕ್ಕೆ ಸೆಕೆಂಡಿನ ೨೫೦ರಲ್ಲೊಂದು ಭಾಗದಷ್ಟು ಕಾಲ ಹಿಡಿಯುವುದು ಸಾಮಾನ್ಯ. ಆ ಅವಧಿಯಲ್ಲಿ ಅಳಿಲು ೯ ಮಿಲಿಮೀಟರ್ ಮುಂದುವರಿದಿರುತ್ತದೆ. ಚಿತ್ರದ ಮೇಲಂಚು ಒಂದು ಹೊತ್ತಿನದು, ಕೆಳಂಚು ಇನ್ನೊಂದು ಹೊತ್ತಿನದು ಎಂದ ಹಾಗಾಯಿತು.

ಎರಡನೆಯ ದಾರಿ ಫ್ಲ್ಯಾಷ್ ದೀಪ. ಇದರಲ್ಲಿ ಚಲನೆಯನ್ನು ನಿಲ್ಲಿಸುವುದು ಷಟರಲ್ಲ, ದೀಪವು ಹೊಳೆಯುವ ಕಾಲದ ಅಲ್ಪತೆ. ಸಣ್ಣ ಫ್ಲ್ಯಾಷ್ ದೀಪಗಳಲ್ಲಿ ಶಕ್ತಿಯನ್ನು ಕುಗ್ಗಿಸಿದಷ್ಟೂ ಹೊಳಪಿನ ಅವಧಿಯೂ ಕುಗ್ಗುತ್ತದೆ. ಪೂರ್ಣಶಕ್ತಿಯಲ್ಲಿ ಸಾವಿರದಲ್ಲೊಂದು ಭಾಗದ ಆಸುಪಾಸಿನಲ್ಲಿರುವುದು, ಶಕ್ತಿಯನ್ನು ಬಹಳವಾಗಿ ಇಳಿಸಿದಾಗ ಹತ್ತು ಇಪ್ಪತ್ತು ಸಾವಿರದಲ್ಲೊಂದು ಭಾಗಕ್ಕೆ ಬರುವುದು. ಶಕ್ತಿ ಕಡಮೆಯಾದುದರಿಂದ ದೀಪವನ್ನು ಹತ್ತಿರಕ್ಕೆ ತರಬೇಕು. ದೂರವು ಅರ್ಧವಾದರೆ ಬೆಳಕು ನಾಲ್ಕುಪಟ್ಟಾಗುವುದೆಂಬ ನಿಯಮ ಇಲ್ಲಿ ನೆರವಿಗೆ ಬರುತ್ತದೆ. ಆದರೆ ಅಳಿಲು ಹಗಲಿನ ಪ್ರಾಣಿ. ದೀಪದ ಬೆಳಕು ಒಂದು ಸ್ಪಷ್ಟವಾದ ಅಳಿಲನ್ನು ಬರೆದರೆ, ಅದರ ಹಿಂದೆಯೇ ಹಗಲಿನ ಬೆಳಕು ಇನ್ನೊಂದು ಮಸುಕಾದ ಅಳಿಲನ್ನು ಬರೆಯುವುದು. ಚಿತ್ರದಲ್ಲಿ ಪ್ರಾಣಿಗೆ ದೆವ್ವ ಹಿಡಿದಂತೆ ಕಾಣುತ್ತದೆ. ಆದುದರಿಂದ ದೀಪವನ್ನು ಬಳಸುವವರು ದಟ್ಟವಾದ ನೆರಳಿನ ಜಾಗವನ್ನೇ ಆರಿಸಿಕೊಂಡು, ಕಿಂಡಿಯನ್ನು ಕಿರಿದು ಮಾಡಿ, ಹಗಲಿನ ಬೆಳಕಿಗೆ ಪ್ರವೇಶವಿಲ್ಲದಂತೆ ನೋಡಿಕೊಳ್ಳುತ್ತಾರೆ.

ಬೆಳಕಿನ ಪ್ರಶ್ನೆಗಿಂತ ಕಠಿಣವಾದುದು ಸಮಯದ ಪ್ರಶ್ನೆ. ಕಂಡದ್ದಕ್ಕೆ ನಮ್ಮ ಬೆರಳು ಓಗೊಡುವುದಕ್ಕೆ ಸುಮಾರು ಸೆಕೆಂಡಿನ ಐದರಲ್ಲೊಂದು ಭಾಗ ಬೇಕು. ಅಷ್ಟರಲ್ಲಿ ಅಳಿಲು ೪೦ ಸೆಂಟಿಮೀಟರಿಗೂ ಹೆಚ್ಚು ದೂರ ಹೋಗಿಬಿಟ್ಟಿರುತ್ತದೆ; ಕ್ಯಾಮರಾ ತಾನು ಎಚ್ಚರಗೊಳ್ಳುವುದಕ್ಕೆ ತೆಗೆದುಕೊಳ್ಳುವ ಕಾಲವನ್ನೂ ಸೇರಿಸಿದರೆ ಅರ್ಧ ದಾರಿ ಮುಗಿದಂತೆಯೇ. ನೆಗೆತವನ್ನು ಕಂಡು ಗುಂಡಿಯನ್ನು ಒತ್ತುವವನಿಗೆ ದೊರಕುವುದು ಬರಿಯ ಕೊಂಬೆ, ಬಹಳವಾದರೆ ಬಾಲದ ತುದಿ. ಒಂದೇ ಸಮನೆ ಚಿತ್ರಗಳನ್ನು ಸುರಿಸುವ ಯಂತ್ರವಿದ್ದರೇನು ಎಂದು ಕೇಳಬಹುದು. ೨೦೦ ಮಿಲಿಮೀಟರಿನ ಮಸೂರವನ್ನು ೩ ಮೀಟರ್ ದೂರದಲ್ಲಿಟ್ಟರೆ ಚಿತ್ರದ ಅಗಲಕ್ಕೆ ಸುಮಾರು ಅರ್ಧ ಮೀಟರಿನ ನೋಟ ಸಿಕ್ಕುತ್ತದೆ. ಬಾಲವೂ ಸೇರಿ ೩೦ ಸೆಂಟಿಮೀಟರ್ ಉದ್ದದ ಅಳಿಲು ಈ ಚೌಕಟ್ಟಿನೊಳಗೆ ಪೂರ್ತಿಯಾಗಿ ಇರುವ ಕಾಲವು ಸೆಕೆಂಡಿನ ಹತ್ತರಲ್ಲೊಂದು ಭಾಗ. ಸೆಕೆಂಡಿಗೆ ೨೦ ಚಿತ್ರ ತೆಗೆಯುವ ಯಂತ್ರಕ್ಕೂ ಸಿಕ್ಕುವುವು ಎರಡೇ ಚಿತ್ರಗಳು.

ಈ ತೊಡಕಿಗೆ ಮೈಬ್ರಿಜನ ಪರಿಹಾರವೇ ಇಂದಿಗೂ ಉತ್ತಮ: ಪ್ರಾಣಿಯೇ ತನ್ನ ಚಿತ್ರವನ್ನು ತೆಗೆದುಕೊಳ್ಳುವಂತೆ ಮಾಡುವುದು. ನಮ್ಮ ದೇಶದಲ್ಲಿ ಅರಣ್ಯಾಧಿಕಾರಿಯಾಗಿದ್ದ ಚಾಂಪಿಯನ್ ಎಂಬುವನು ಕಾಡಿನ ದಾರಿಗೆ ಅಡ್ಡಲಾಗಿ ತಂತಿಯನ್ನು ಕಟ್ಟಿ, ರಾತ್ರಿಯ ಹೊತ್ತು ಹುಲಿಗಳೇ ಅದನ್ನು ತುಳಿದು ತಮ್ಮ ಚಿತ್ರಗಳನ್ನು ತೆಗೆಸಿಕೊಳ್ಳುವಂತೆ ಮಾಡಿದನು. ಆ ಚಿತ್ರಗಳ ಪುಸ್ತಕ ೧೯೨೭ರಲ್ಲಿ ಹೊರಬಂದಿತು. ೧೯೯೦ರ ದಶಕದಲ್ಲಿ ನಮ್ಮ ನೆರೆಯ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಇದೇ ತತ್ತ್ವದ ಯಂತ್ರಗಳಿಂದ ಹುಲಿಗಳನ್ನು ಅವುಗಳ ಪಟ್ಟೆಗಳ ಮೇಲೆ ಗುರುತಿಸಿ ಎಣಿಸುವ ಕ್ರಮವನ್ನು ರೂಢಿಗೆ ತಂದರು. ಅಳಿಲಿಗೆ ತಂತಿಯ ಬದಲು ಕಣ್ಣಿಗೆ ಕಾಣದ ಅವಗೆಂಪು ಕಿರಣವೊಂದನ್ನು ನೆಗೆತದ ದಾರಿಗೆ ಅಡ್ಡಲಾಗಿ ಹಾಯಿಸುತ್ತಾರೆ. ಅಳಿಲಿನ ಮೂಗು ಕಿರಣವನ್ನು ಕಡಿದ ಕೂಡಲೇ ಷಟರ್ ತೆರೆಯುತ್ತದೆ. ಈಚಿನ ಕೆಲವು ಕ್ಯಾಮರಾಗಳಲ್ಲಿ ಇನ್ನೊಂದು ಸೌಕರ್ಯವೂ ಬಂದಿದೆ. ಗುಂಡಿಯನ್ನು ಪೂರ್ತಿಯಾಗಿ ಒತ್ತುವುದಕ್ಕೆ ಸ್ವಲ್ಪ ಮುಂಚಿನಿಂದಲೇ ಅವು ಬಿಂಬಗಳನ್ನು ತಾತ್ಕಾಲಿಕವಾಗಿ ನೆನಪಿನಲ್ಲಿಟ್ಟುಕೊಂಡಿದ್ದು, ಒತ್ತಿದಾಗ ಅವುಗಳನ್ನೂ ಉಳಿಸಿಕೊಡುತ್ತವೆ. ಬೆರಳಿನ ತಡವನ್ನು ಯಂತ್ರವು ಹೀಗೆ ತುಂಬಿಕೊಡುವುದು.

ಯಂತ್ರವು ಕಾಲವನ್ನು ಕೊಟ್ಟಿತು; ಸ್ಥಳವನ್ನು ಕೊಡುವವರಾರು? ಅದನ್ನು ಅಳಿಲೇ ಕೊಡಬೇಕು. ಮೇಲೆ ಹೇಳಿದ ಮಸೂರದಿಂದ ಕಿಂಡಿ ೫.೬ರಲ್ಲಿ ೩ ಮೀಟರ್ ದೂರದಲ್ಲಿ ಸ್ಪಷ್ಟವಾಗಿ ಕಾಣುವ ಆಳವು ೭-೮ ಸೆಂಟಿಮೀಟರ್ ಮಾತ್ರ. ಅಳಿಲು ಗೇಣುದ್ದ ಈಚೆ ನೆಗೆದರೂ ಚಿತ್ರ ಮಸುಕು. ಹೀಗಿರುವಲ್ಲಿ ಅದು ಎಲ್ಲಿ ನೆಗೆಯುವುದೆಂಬುದು ಮೊದಲೇ ತಿಳಿದಿರಬೇಕು. ಅದೃಷ್ಟವಶಾತ್ ಅಳಿಲು ಮನಬಂದ ಕಡೆ ನೆಗೆಯುವ ಪ್ರಾಣಿಯಲ್ಲ. ನಮಗೆ ಮಾರುಕಟ್ಟೆಗೆ ಹೋಗುವ ದಾರಿಯಿರುವಂತೆ ಅದಕ್ಕೂ ಗೂಡಿನಿಂದ ಹಣ್ಣಿನ ಮರಕ್ಕೆ ಹೋಗುವ ಬಳಕೆಯ ದಾರಿಯುಂಟು. ಬೆಳಿಗ್ಗೆ ಬಿಸಿಲೇರುವ ಮುನ್ನವೂ ಸಂಜೆ ಬಿಸಿಲಿಳಿದ ಮೇಲೂ ಕ್ಯಾಮರಾ ಇಲ್ಲದೆ ಕೆಲವು ದಿನ ಕುಳಿತು ನೋಡಿದರೆ, ಇಂಥ ಕೊಂಬೆಯ ಇಂಥ ಗೆಣ್ಣಿನಿಂದ ಅದು ಚಿಮ್ಮುವುದೆಂಬುದು ಮನಸ್ಸಿಗೆ ಬರುತ್ತದೆ. ಆ ಮೇಲೆ ಬರಿಯ ಸ್ಟ್ಯಾಂಡನ್ನು ಅಲ್ಲಿ ಇಟ್ಟು, ಅಳಿಲಿಗೆ ಅದು ರೂಢಿಯಾಗುವವರೆಗೆ ಬಿಡಬೇಕು. ಕ್ಯಾಮರಾವು ನೆಗೆತದ ದಾರಿಗೆ ಲಂಬವಾಗಿ, ಪಕ್ಕದಿಂದ ನೋಡುವಂತಿರಬೇಕು. ಆಗ ದಾರಿಯುದ್ದಕ್ಕೂ ಅಳಿಲು ಒಂದೇ ದೂರದಲ್ಲಿರುತ್ತದೆ. ಬಾಲವನ್ನು ಒದರುತ್ತ ಬಿಡದೆ ಚಿಕ್ ಚಿಕ್ ಎಂದು ಕೂಗತೊಡಗಿತೋ, ಅದು ನಮ್ಮನ್ನು ಶತ್ರುವೆಂದು ಎಣಿಸಿತೆಂದು ತಿಳಿದು ಹಿಂದಕ್ಕೆ ಸರಿಯುವುದು ಮರ್ಯಾದೆ. ಗೂಡಿನಲ್ಲಿ ಮರಿಗಳಿರುವ ಕಾಲದಲ್ಲಂತೂ ಆ ಮರದ ಗೊಡವೆಗೇ ಹೋಗಬಾರದು.

ಇಷ್ಟೆಲ್ಲ ಶ್ರಮಪಟ್ಟು ತೆಗೆದ ಚಿತ್ರದಿಂದ ಏನನ್ನು ಕಲಿಯುತ್ತೇವೆ? ಅಳಿಲಿನ ಹಿಂಗಾಲಿನ ಕೀಲು ಹಿಂದುಮುಂದಾಗಿ ತಿರುಗಬಲ್ಲುದಾದ್ದರಿಂದ ಅದು ತಲೆಕೆಳಗಾಗಿ ಮರವನ್ನು ಇಳಿಯುತ್ತದೆ. ಬಾಲವಾದರೋ ಬರಿಯ ಅಲಂಕಾರವಲ್ಲ. ದೊಂಬರವನ ಕೈಯ ಗಳುವಿನಂತೆ ಮೈಯ ಸಮತೋಲವನ್ನು ಕಾಯುವ ಅಂಗ. ಇದಕ್ಕಿಂತ ಮುಖ್ಯವಾದ ವಿಷಯವೊಂದನ್ನು ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ವಿದ್ವಾಂಸರು ೨೦೨೧ರಲ್ಲಿ ಪ್ರಕಟಿಸಿದರು. ಅಲ್ಲಿಯ ಸ್ವತಂತ್ರವಾಗಿ ತಿರುಗಾಡುವ ಅಳಿಲುಗಳಿಗೆ ಬಾಗುವ ಕೊಂಬೆಗಳಂಥ ಸರಳುಗಳನ್ನು ಒಡ್ಡಿ, ಕಡಲೆಕಾಯಿಯ ಆಸೆ ತೋರಿಸಿ, ಅವು ನೆಗೆಯುವುದನ್ನು ಅತಿವೇಗದ ಚಿತ್ರಗಳಲ್ಲಿ ಹಿಡಿದರು. ಕೊಂಬೆಯ ತುದಿಗೆ ಹೋದಷ್ಟೂ ದಾಟಬೇಕಾದ ಅಂತರ ಕಡಮೆ. ಆದರೆ ಕೊಂಬೆ ಹೆಚ್ಚು ಬಾಗುವುದರಿಂದ ಚಿಮ್ಮುವ ಬಲ ಸಿಕ್ಕದು. ಅಳಿಲು ಈ ಎರಡನ್ನೂ ತೂಗಿ ನೋಡಿಯೇ ಚಿಮ್ಮುವ ಸ್ಥಳವನ್ನು ಗೊತ್ತುಮಾಡಿಕೊಳ್ಳುತ್ತದೆ. ಅದರ ತೀರ್ಮಾನದಲ್ಲಿ ಅಂತರಕ್ಕಿಂತ ಕೊಂಬೆಯ ಬಾಗುವಿಕೆಗೆ ಆರುಪಟ್ಟು ಬೆಲೆಯಿರುತ್ತದೆ. ಹೊಸ ಕೊಂಬೆಯ ಸ್ವಭಾವವನ್ನು ಅದು ಕೆಲವೇ ಪ್ರಯತ್ನಗಳಲ್ಲಿ ಕಲಿತುಬಿಡುತ್ತದೆ. ಗುರಿ ಸ್ವಲ್ಪ ತಪ್ಪಿದರೂ ಸರಳನ್ನು ಉಗುರುಗಳಿಂದ ಹಿಡಿದು ಅದರ ಸುತ್ತ ಜೋಲಿ, ಮೇಲಕ್ಕೆ ಬರುತ್ತದೆ. ಆ ಪರೀಕ್ಷೆಗಳಲ್ಲಿ ಒಂದೂ ಕೆಳಕ್ಕೆ ಬೀಳಲಿಲ್ಲ. ನಾವು ಚಪಲವೆಂದು ಕರೆಯುವ ಪ್ರಾಣಿಯ ನೆಗೆತವು ಒಂದು ವಿವೇಚನೆಯ ಫಲವೆಂದು ಇದರಿಂದ ತಿಳಿಯಿತು.

ಕರ್ಣಾಟಕದಲ್ಲಿ ಈ ವಿದ್ಯೆಗೆ ಬೇಕಾದ ತಾಳ್ಮೆಯ ಪರಂಪರೆಯೊಂದುಂಟು. ಬೆಂಗಳೂರಿನಲ್ಲಿ ಓ. ಸಿ. ಎಡ್ವರ್ಡ್ಸ್ ಅವರೂ, ಅವರಿಂದ ಮಾರ್ಗದರ್ಶನ ಪಡೆದ ಟಿ. ಎನ್. ಎ. ಪೆರುಮಾಳ್ ಅವರೂ (೧೯೩೨-೨೦೧೭) ವನ್ಯಜೀವಿಗಳ ಛಾಯಾಚಿತ್ರಕ್ಕೆ ಹೆಸರಾದವರು. ಸಂಡೂರಿನ ಎಂ. ವೈ. ಘೋರ್ಪಡೆಯವರು ಕಾಡಿನಲ್ಲಿ ಕಳೆದ ವರ್ಷಗಳ ಚಿತ್ರಗಳನ್ನೂ ಅನುಭವಗಳನ್ನೂ ೧೯೮೩ರಲ್ಲಿ ಗ್ರಂಥರೂಪವಾಗಿ ಕೊಟ್ಟರು. ಇಂದಿನ ವೇಗದ ಯಂತ್ರಗಳಿಲ್ಲದ ಕಾಲದಲ್ಲಿ ಕೆಲಸವನ್ನು ಪ್ರಾರಂಭಿಸಿದ ಇವರು ಪ್ರಾಣಿಯ ನಡವಳಿಕೆಯನ್ನು ಓದುವುದರಿಂದಲೇ ಚಿತ್ರವನ್ನು ಸಾಧಿಸಬೇಕಾಗಿತ್ತು. ನೆಗೆತವನ್ನು ಹಿಡಿಯಬೇಕೆಂಬ ಆಸೆಯುಳ್ಳವರಿಗೆ ನಮ್ಮ ಪಶ್ಚಿಮ ಘಟ್ಟಗಳ ಕಾಡುಗಳಲ್ಲಿ ಮರದಿಂದ ಮರಕ್ಕೆ ಹಲವು ಮೀಟರುಗಳನ್ನು ದಾಟುವ ಕೆಂದಳಿಲು ಇದೆ. ರಾತ್ರಿಯಲ್ಲಿ ಪಕ್ಕದ ತೊಗಲನ್ನು ಹರಡಿ ತೇಲಿ ಹೋಗುವ ಹಾರುಬೆಕ್ಕೂ ಇದೆ. ಆದರೆ ಪಾಠವನ್ನು ಮನೆಯ ಮುಂದಿನ ಮೂರುಗೆರೆಯ ಅಳಿಲಿನಿಂದ ಆರಂಭಿಸುವುದೇ ಮೇಲು.

ಇಲ್ಲೊಂದು ಎಚ್ಚರಿಕೆಯ ಮಾತನ್ನು ಹೇಳದೆ ವಿಧಿಯಿಲ್ಲ. ಬೋನಿನಲ್ಲಿ ಹಿಡಿದ ಪ್ರಾಣಿಯನ್ನು ಬಲವಂತವಾಗಿ ನೆಗೆಯಿಸಿಯೂ ಚಿತ್ರ ತೆಗೆಯಬಹುದು. ಕುಳಿತ ಅಳಿಲಿನ ಚಿತ್ರವನ್ನು ಕತ್ತರಿಸಿ ಆಕಾಶಕ್ಕೆ ಅಂಟಿಸುವುದು ಈಗಿನ ಗಣಕಯಂತ್ರಕ್ಕೆ ಆಟ. ಇಲ್ಲದ ಅಳಿಲನ್ನೇ ಸೃಷ್ಟಿಸುವ ಯಂತ್ರಗಳೂ ಬಂದಿವೆ. ಅಮೆರಿಕ ಮತ್ತು ಇಂಗ್ಲೆಂಡಿನ ದೊಡ್ಡ ಛಾಯಾಚಿತ್ರ ಸಂಘಗಳೂ ಅಂತರರಾಷ್ಟ್ರೀಯ ಒಕ್ಕೂಟವೂ ಸೇರಿ ೨೦೧೫ರಲ್ಲಿ ಜಾರಿಗೆ ತಂದ ನಿಸರ್ಗಚಿತ್ರದ ವ್ಯಾಖ್ಯೆಯು, ಚಿತ್ರಕ್ಕೆ ಏನನ್ನೂ ಸೇರಿಸಬಾರದು, ಅದರಿಂದ ಏನನ್ನೂ ತೆಗೆಯಬಾರದು ಎಂದು ಕಟ್ಟುಪಾಡು ಮಾಡಿದೆ. ಈ ಕಟ್ಟುಪಾಡು ಏಕೆ ಬೇಕೆಂಬುದು ಮೇಲಿನ ವಿವರಣೆಯಿಂದ ಸ್ಪಷ್ಟವಾಗಿರಬೇಕು. ನೆಗೆತದ ಚಿತ್ರಕ್ಕೆ ಬೆಲೆ ಬಂದಿರುವುದು ಅದು ಕಣ್ಣು ಕಾಣದ ಸತ್ಯವನ್ನು ತೋರಿಸುವುದೆಂಬ ನಂಬಿಕೆಯಿಂದ. ಕಣ್ಣು ಕಾಣದ ವಿಷಯದಲ್ಲಿ ಸುಳ್ಳು ಸೇರಿದರೆ ಅದನ್ನು ಕಂಡುಹಿಡಿಯುವ ಶಕ್ತಿಯೂ ನೋಡುವವನಿಗೆ ಇರುವುದಿಲ್ಲ. ಹೆದರಿದ ಪ್ರಾಣಿಯ ನೆಗೆತವು ಭಯದ ನೆಗೆತವೇ ಹೊರತು ಅಳಿಲಿನ ನಿತ್ಯದ ನೆಗೆತವಲ್ಲ; ಅದನ್ನು ನಿತ್ಯದ್ದೆಂದು ತೋರಿಸುವುದೂ ಒಂದು ಬಗೆಯ ಸುಳ್ಳೇ.

ಕೊನೆಯದಾಗಿ, ಚಿತ್ರಕ್ಕಾಗಿ ಕೊಂಬೆಯಿಂದ ಕೊಂಬೆಗೆ ಅಂತರವನ್ನು ಅಳೆಯತೊಡಗಿದವನಿಗೆ ಊರು ಬೇರೆಯಾಗಿ ಕಾಣತೊಡಗುತ್ತದೆ. ಅಂತರವು ೧ ಮೀಟರಿನಿಂದ ೨ ಮೀಟರಿಗೆ ಹೆಚ್ಚಿದರೆ ನೆಗೆತಕ್ಕೆ ಬೇಕಾದ ಶಕ್ತಿಯೂ ಎರಡರಷ್ಟಾಗುವುದು. ಮೂರು ನಾಲ್ಕು ಮೀಟರಾದರೆ ಅಳಿಲು ನೆಲಕ್ಕಿಳಿಯಬೇಕು, ಇಲ್ಲವೆ ವಿದ್ಯುತ್ತಿನ ತಂತಿಯನ್ನು ಹಿಡಿಯಬೇಕು. ನೆಲದಲ್ಲಿ ಬೆಕ್ಕು, ನಾಯಿ, ಮೋಟಾರುಗಳು. ತಂತಿಯೊಂದರ ಮೇಲೆಯೇ ಓಡಿದರೆ ಅಪಾಯವಿಲ್ಲ; ಮೈ ಒಂದು ಕಡೆ ತಂತಿಯನ್ನೂ ಇನ್ನೊಂದು ಕಡೆ ಕಂಬವನ್ನೋ ಎರಡನೆಯ ತಂತಿಯನ್ನೋ ಒಮ್ಮೆಗೇ ಮುಟ್ಟಿದರೆ ಅಲ್ಲಿಗೆ ಮುಗಿಯಿತು. ೨೦೨೫ರ ಏಪ್ರಿಲಿನಲ್ಲಿ ನಮ್ಮ ನಗರದ ಹೈದರಾಲಿ ರಸ್ತೆಯಲ್ಲಿ ೪೦ ಮರಗಳನ್ನು ಉರುಳಿಸಿದಾಗ ನಾಗರಿಕರು ಬೀದಿಗೆ ಬಂದು ವ್ಯಥೆಪಟ್ಟರು. ಅಷ್ಟು ದೊಡ್ಡ ಸುದ್ದಿಯಾಗದೆ ಒಂದೊಂದು ಬಡಾವಣೆಯಲ್ಲಿಯೂ ಕೊಂಬೆಗಳು ಒಂದೊಂದಾಗಿ ಬೀಳುತ್ತಿರುತ್ತವೆ. ಮನೆಯ ಮೇಲಂತಸ್ತಿಗೆ ಅಡ್ಡವೆಂದು ಕಡಿದ ಒಂದು ಕೊಂಬೆಯು ಅಳಿಲಿನ ಪಾಲಿಗೆ ಮುರಿದುಬಿದ್ದ ಸೇತುವೆ. ಕಡಿಯುವುದು ಅನಿವಾರ್ಯವಾದಲ್ಲಿಯೂ, ಪಕ್ಕದ ಮನೆಯ ಮರವನ್ನು ಸಮೀಪಿಸುವ ಒಂದು ಗಟ್ಟಿಯಾದ ಕೊಂಬೆಯನ್ನು ಉಳಿಸಿ ಎಂದು ಕಡಿಯುವವನಿಗೆ ಹೇಳುವುದು ಯಾವ ಗೃಹಸ್ಥರಿಗೂ ಭಾರವಾಗಲಾರದು. ಕ್ಯಾಮರಾ ಇರುವವರು ಆ ಕೊಂಬೆಗೆ ಎದುರಾಗಿ ಒಂದು ಬೆಳಿಗ್ಗೆ ಕುಳಿತು ನೋಡಲಿ. ಇಲ್ಲದವರು ಬರಿಯ ಕಣ್ಣಿನಿಂದಲೇ, ಅಳಿಲು ಚಿಮ್ಮುವ ಮೊದಲು ಕೊಂಬೆಯ ತುದಿಯಲ್ಲಿ ಒಂದು ಕ್ಷಣ ನಿಂತು ಲೆಕ್ಕ ಹಾಕುವುದನ್ನು ನೋಡಬಹುದು. ಅಷ್ಟನ್ನು ನೋಡುವುದಕ್ಕೆ ಸಾವಿರದಲ್ಲೊಂದು ಸೆಕೆಂಡಿನ ಯಂತ್ರವೇನೂ ಬೇಕಾಗಿಲ್ಲ.